ಎರೆ, ಮಸಾರಿ, ಸಿಹಿನೀರು: ಗದಗ ಸೀಮೆಯಲ್ಲಿ ಊರುಗಳು ಬೇರೂರಿದ ಬಗೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರ ನೋಡಲು ಬರುವವರು ಮೊದಲು ಗುಡಿ ಕಟ್ಟಿಸಿದ ಅರಸನ ಹೆಸರು ಕೇಳುತ್ತಾರೆ. ಇಷ್ಟು ದೊಡ್ಡ ಊರು ಇಲ್ಲೇ ಏಕೆ ಬೆಳೆಯಿತು ಎಂಬ ಪ್ರಶ್ನೆ ಬರುವುದು ಆಮೇಲೆ, ಅದೂ ಬಿಸಿಲಿಗೆ ದಣಿದು ನೀರು ಹುಡುಕುವಾಗ. ಎರಡನೆಯ ಪ್ರಶ್ನೆಗೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಗದಗ ಮತ್ತು ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯೊಳಗೇ ಇದ್ದವು. ಆದ್ದರಿಂದ ಮೂರನ್ನೂ ಒಟ್ಟಿಗೆ ನೋಡುವುದು ಸಹಜ.

ಈ ಸೀಮೆಯ ನೆಲದ ಸ್ವರೂಪ ಹೇಗಿದೆ?

ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ಪಾಠ ಮುಗಿದಂತೆ. ಅಳ್ನಾವರ, ಕಲಘಟಗಿ, ಹಾನಗಲ್ಲಿನ ಕಡೆ ಮಲೆನಾಡಿನ ಸೆರಗು. ಅಲ್ಲಿ ಭತ್ತ, ಕೆರೆ, ಕಾಡು. ನವಲಗುಂದ, ನರಗುಂದ, ರೋಣ, ಅಣ್ಣಿಗೇರಿಯ ಸುತ್ತ ಕಣ್ಣು ಹಾಯುವವರೆಗೂ ಎರೆ ಭೂಮಿ, ಅಂದರೆ ಕಪ್ಪು ಜಿಗುಟು ಮಣ್ಣಿನ ನೆಲ. ಗದಗಿನ ದಕ್ಷಿಣಕ್ಕೆ ಕಪ್ಪತಗುಡ್ಡ ಎದ್ದು, ಮುಂಡರಗಿ ಮತ್ತು ಶಿರಹಟ್ಟಿ ಸೀಮೆಗಳನ್ನು ಹಾದು ತುಂಗಭದ್ರೆಯ ಕಡೆಗೆ ಇಳಿಯುತ್ತದೆ. ಅದರ ಬುಡದಲ್ಲಿ ಕೆಂಪು ಮಸಾರಿ ನೆಲ. ಉತ್ತರದ ಗಡಿಯಲ್ಲಿ ಮಲಪ್ರಭೆ, ದಕ್ಷಿಣದ ಗಡಿಯಲ್ಲಿ ತುಂಗಭದ್ರೆ.

ಧಾರವಾಡ ಪಟ್ಟಣ ಕುಳಿತಿರುವುದು ನೀರು ಎರಡು ಕಡೆಗೆ ಒಡೆಯುವ ದಿಬ್ಬದ ಮೇಲೆ. ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ ಇಳಿಜಾರಿನಲ್ಲಿ ಬಿದ್ದ ಮಳೆ ತುಪ್ಪರಿಹಳ್ಳ, ಬೆಣ್ಣೆಹಳ್ಳ, ಮಲಪ್ರಭೆ, ಕೃಷ್ಣೆ ಎಂದು ಸುತ್ತಿ ಬಂಗಾಳ ಕೊಲ್ಲಿ ಸೇರುತ್ತದೆ.

ನಕ್ಷೆ ಇಲ್ಲದೆಯೂ ಮಳೆಯ ಗಡಿಯನ್ನು ಗುರುತಿಸಬಹುದು. ಕಲಘಟಗಿಯಿಂದ ರೋಣದ ಕಡೆಗೆ ಹಳ್ಳಿಗಳ ಮೂಲಕ ಹೋಗುತ್ತ ಹಳೆಯ ಮನೆಗಳ ಮೇಲ್ಛಾವಣಿ ನೋಡಿ. ಇಳಿಜಾರು ಹಂಚಿನ ಮನೆಗಳು ಕಡಿಮೆಯಾಗುತ್ತ ಬಂದು, ಚಪ್ಪಟೆ ಮಣ್ಣಿನ ಮಾಳಿಗೆಗಳು ಶುರುವಾಗುತ್ತವೆ. ಈಗ ಎಲ್ಲೆಡೆ ಸಿಮೆಂಟಿನ ಸ್ಲ್ಯಾಬ್ ಬಂದು ಆ ಗಡಿ ಅಳಿಸಿಹೋಗುತ್ತಿದೆ.

ಇಲ್ಲಿನ ಬಂಡೆಗಳು ಎಷ್ಟು ಹಳೆಯವು? ಅದಕ್ಕೂ ಊರುಗಳಿಗೂ ಏನು ಸಂಬಂಧ?

ಕಪ್ಪತಗುಡ್ಡದ ಬಂಡೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದ ಕೊನೆಯಲ್ಲಿ ಈ ಬಗೆಯ ಶಿಲಾಸ್ತೋಮಕ್ಕೆ ಧಾರವಾಡದ ಹೆಸರನ್ನೇ ಇಟ್ಟರು. ಇಂದು ಜಗತ್ತಿನ ಯಾವ ಭೂವಿಜ್ಞಾನ ತರಗತಿಯಲ್ಲಾದರೂ ಭಾರತದ ಪ್ರಾಚೀನ ಶಿಲೆಗಳ ಮಾತು ಬಂದರೆ ಆ ಹೆಸರು ಬರುತ್ತದೆ. ದಕ್ಷಿಣ ಭಾರತದ ಪ್ರಾಗಿತಿಹಾಸದ ಶೋಧಕ್ಕೆ ಬುನಾದಿ ಹಾಕಿದವರೂ ಇದೇ ಫೂಟ್. ಬಂಡೆ ನೋಡಲು ಹೊರಟವರು ಕಲ್ಲಿನ ಆಯುಧಗಳನ್ನೂ ಹೆಕ್ಕಿಕೊಂಡು ಬಂದರು.

ಸಂಬಂಧ ಮೂರು ಬಗೆಯದು. ಈ ಬಂಡೆಗಳಲ್ಲಿ ಕಬ್ಬಿಣದ ಅದಿರಿದೆ, ಸ್ವಲ್ಪ ಚಿನ್ನವಿದೆ, ಕೆತ್ತನೆಗೆ ಒಲಿಯುವ ಬಳಪದ ಕಲ್ಲಿದೆ. ಮೂರೂ ಇತಿಹಾಸದ ಬೇರೆ ಬೇರೆ ಘಟ್ಟಗಳಲ್ಲಿ ಕೆಲಸಕ್ಕೆ ಬಂದವು.

ಅತಿ ಹಳೆಯ ಮಾನವ ಕುರುಹುಗಳು ಎಲ್ಲಿವೆ?

ಮಲಪ್ರಭೆಯ ದಂಡೆಯ ಗರಸು ಪದರಗಳಲ್ಲಿ. ರೋಣ ಸೀಮೆಯ ಮೆಣಸಗಿ ಮತ್ತು ಬಾದಾಮಿ ಕಡೆಯ ಖ್ಯಾಡ ಇವುಗಳಲ್ಲಿ ಹೆಸರಾದವು. ಅಲ್ಲಿ ಸಿಕ್ಕಿದ್ದು ಹಳೆಯ ಶಿಲಾಯುಗದ ಕೈಗೊಡಲಿಯಂಥ ಆಯುಧಗಳು. ನದಿ ಉರುಳಿಸಿ ತಂದ ಗಟ್ಟಿ ಬೆಣಚು ಜಾತಿಯ ಗುಂಡುಕಲ್ಲುಗಳು ಕೈಗೆಟುಕುವಂತಿದ್ದವು, ಕುಡಿಯಲು ನೀರಿತ್ತು, ನೀರಿಗೆ ಬರುವ ಬೇಟೆಯೂ ಇತ್ತು. ಆದರೆ ಅದನ್ನು ಊರು ಎನ್ನಲಾಗದು. ಅವರು ಬಂದು ಹೋಗುತ್ತಿದ್ದವರು.

ಹಾಗಾದರೆ ಊರು ಎನ್ನಬಹುದಾದ ಮೊದಲ ನೆಲೆ ಯಾವುದು?

ಅಗೆದು ನೋಡಿದವುಗಳಲ್ಲಿ ಮೊದಲು ಹೇಳಬೇಕಾದದ್ದು ಹಳ್ಳೂರು. ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯಲ್ಲಿ, ತುಂಗಭದ್ರೆಯ ಎಡದಂಡೆಯ ಮೇಲಿದೆ. 1964–65ರಲ್ಲಿ ಎಂ.ಎಸ್. ನಾಗರಾಜರಾವ್ ಇಲ್ಲಿ ಉತ್ಖನನ ನಡೆಸಿದರು. ಕೆಳಗಿನ ಪದರಗಳಲ್ಲಿ ನವಶಿಲಾಯುಗದ ಜನರ ದುಂಡನೆಯ ಮನೆಗಳು, ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಕೈಯಿಂದ ಮಾಡಿದ ಮಡಕೆಗಳು. ಮೇಲಿನ ಪದರಗಳಲ್ಲಿ ಕಪ್ಪು-ಕೆಂಪು ಮಡಕೆಗಳ ಜೊತೆ ಕಬ್ಬಿಣ. ಆ ಕಬ್ಬಿಣದ ಪದರದ ಇಂಗಾಲ ಕಾಲಮಾಪನ ಕ್ರಿ.ಪೂ. 1000ದ ಆಸುಪಾಸಿಗೆ ಬಂತು. ದಕ್ಷಿಣ ಭಾರತದಲ್ಲಿ ಕಬ್ಬಿಣ ತಡವಾಗಿ ಬಂತು ಎಂದು ನಂಬಿದ್ದವರು ಲೆಕ್ಕವನ್ನು ಮತ್ತೆ ಬರೆಯಬೇಕಾಯಿತು.

ಈ ಪದರಗಳು ಒಂದರ ಮೇಲೊಂದು ಬಂದಿರುವುದು ಮುಖ್ಯ. ಕಲ್ಲಿನ ಕೊಡಲಿಯವರು ಬಿಟ್ಟುಹೋದ ಮೇಲೆ ಶತಮಾನಗಳ ನಂತರ ಯಾರೋ ಬಂದು ಕಬ್ಬಿಣದ ಊರು ಕಟ್ಟಿದ್ದಲ್ಲ. ಎರಡೂ ಬೆರೆತ ಘಟ್ಟವೊಂದು ನಡುವೆ ಇದೆ. ಉಪಕರಣ ಬದಲಾಯಿತು, ಜಾಗ ಬದಲಾಗಲಿಲ್ಲ. ಪಕ್ಕದಲ್ಲಿ ಬತ್ತದ ಹೊಳೆ, ದಂಡೆಯಲ್ಲಿ ಮೆತ್ತನೆಯ ಮೆಕ್ಕಲು, ದನಕ್ಕೆ ಮೇವು, ಅದಿರಿರುವ ಗುಡ್ಡಗಳು ಅದೇ ಸೀಮೆಯಲ್ಲಿ. ಬಿಟ್ಟು ಹೋಗಲು ಕಾರಣವೇ ಇರಲಿಲ್ಲ.

ಅಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಎಂಬ ಕಿರುಧಾನ್ಯ ಇವೆ. ಮಳೆ ಕೈಕೊಟ್ಟರೂ ಒಂದಿಷ್ಟು ಕೊಡುವ ಬೆಳೆಗಳಿವು. ಹುರುಳಿಯನ್ನು ಇಂದಿಗೂ ನಾವು ಬಡ ನೆಲಕ್ಕೇ ಬಿತ್ತುತ್ತೇವೆ.

ಹಳ್ಳೂರಿನಲ್ಲಿ ಕುದುರೆಯ ಎಲುಬುಗಳನ್ನು ಪಶುವೈದ್ಯ ವಿಜ್ಞಾನಿ ಕೆ.ಆರ್. ಆಲೂರ ಗುರುತಿಸಿದಾಗ ದೊಡ್ಡ ಚರ್ಚೆ ಎದ್ದಿತು, ಆರ್ಯರು ಹೊರಗಿನಿಂದ ಬಂದರೇ ಎಂಬ ಪ್ರಶ್ನೆಯವರೆಗೂ ಹೋಯಿತು. ನನಗೆ ಆ ಚರ್ಚೆಗಿಂತ ಹುರುಳಿಕಾಳಿನ ಮೇಲೆ ಹೆಚ್ಚು ಒಲವು.

ಎರೆ ಭೂಮಿ ಅಷ್ಟು ಫಲವತ್ತು. ಆರಂಭದ ಬೇಸಾಯಗಾರರು ಅಲ್ಲಿಗೇ ಏಕೆ ಮುಗಿಬೀಳಲಿಲ್ಲ?

ಎರೆಯನ್ನು ಉತ್ತವರಿಗೆ ಈ ಪ್ರಶ್ನೆ ಬರುವುದಿಲ್ಲ. ಒಣಗಿದಾಗ ಕಾಲು ಸಿಕ್ಕಿಬೀಳುವಷ್ಟು ಬಿರುಕು; ನೆನೆದಾಗ ಚಕ್ಕಡಿಯ ಗಾಲಿಯೇ ಹೂತುಹೋಗುವಷ್ಟು ಅಂಟು. ಆಳವಾಗಿ ಬೇರುಬಿಟ್ಟ ಕರಿಕೆ ಹುಲ್ಲನ್ನು ಕೀಳಲು ದೊಡ್ಡ ನೇಗಿಲು ಬೇಕು, ಅದಕ್ಕೆ ಹಲವು ಜೋಡಿ ಎತ್ತು ಬೇಕು. ಕಲ್ಲಿನ ಕೊಡಲಿ, ಅಗೆಯುವ ಕೋಲು ಹಿಡಿದವರಿಗೆ ನದಿಯ ಮೆಕ್ಕಲು ಮತ್ತು ಗುಡ್ಡದ ಬುಡದ ಹಗುರ ಮಣ್ಣೇ ಸರಿ. ಕರ್ನಾಟಕದ ನವಶಿಲಾಯುಗದ ನೆಲೆಗಳು ಹೆಚ್ಚಾಗಿ ಬಂಡೆಗುಡ್ಡಗಳ ಮಗ್ಗುಲಲ್ಲಿ ಮತ್ತು ಹೊಳೆದಂಡೆಗಳಲ್ಲಿ ಕಾಣಸಿಗುವುದಕ್ಕೆ ಇದೂ ಒಂದು ಕಾರಣ ಎಂದು ನಾನು ಓದಿಕೊಳ್ಳುತ್ತೇನೆ.

ಕಬ್ಬಿಣದ ಗುಳ ಬಂದು, ಎತ್ತುಗಳ ಸಂಖ್ಯೆ ಬೆಳೆದ ಮೇಲೆ ಎರೆ ಬಾಗಿಲು ತೆರೆಯಿತು. ತೆರೆದ ಮೇಲೆ ಅದರಷ್ಟು ಉದಾರವಾದ ನೆಲ ಬೇರೆ ಇಲ್ಲ. ಮಳೆಗಾಲದ ತೇವವನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು, ಚಳಿಗಾಲದಲ್ಲಿ ಒಂದು ಹನಿ ಮಳೆಯಿಲ್ಲದಿದ್ದರೂ ಬಿಳಿಜೋಳ, ಕಡಲೆ, ಕುಸುಬೆ, ಗೋದಿ ಬೆಳೆದುಕೊಡುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಗದಗಿನಲ್ಲಿ ಹಿಂಗಾರಿ ಬೆಳೆಯೇ ಜನರನ್ನು ಸಾಕಿದ್ದು.

ಫಲವತ್ತಾದ ನೆಲವಿದ್ದರೆ ಊರು ತಾನಾಗಿ ಬೆಳೆಯುತ್ತದೆಯೇ?

ಇಲ್ಲ. ಎರೆ ಸೀಮೆಯ ದೊಡ್ಡ ಕೊರತೆ ಕುಡಿಯುವ ನೀರು. ನವಲಗುಂದ, ನರಗುಂದ, ರೋಣದ ಬಹಳ ಕಡೆ ಭೂಮಿ ಅಗೆದರೆ ಸವಳು ನೀರು ಬರುತ್ತದೆ. ಬೇಳೆ ಬೇಯದ ನೀರು ಎಂದು ಹೆಂಗಸರು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ. ಆದ್ದರಿಂದ ಎರೆಯ ಹಳ್ಳಿಗಳು ದೂರ ದೂರ ಇವೆ, ಆದರೆ ಒಂದೊಂದೂ ದೊಡ್ಡದು, ಒತ್ತೊತ್ತಾಗಿ ಕಟ್ಟಿದ್ದು. ಮಳೆನೀರು ಹಿಡಿಯುವ ಸಿಹಿನೀರಿನ ಕೆರೆಯನ್ನು ಬಟ್ಟೆ ಒಗೆಯಲು, ದನ ತೊಳೆಯಲು ಮುಟ್ಟಗೊಡದೆ ಕಾಯ್ದುಕೊಂಡ ಊರುಗಳು ಈ ಭಾಗದಲ್ಲಿ ಇಂದಿಗೂ ಇವೆ. ಹಾನಗಲ್ಲಿನ ಕಡೆ ಹೋದರೆ ಚಿತ್ರ ತಿರುವುಮುರುವು: ಚಿಕ್ಕ ಊರುಗಳು ಹತ್ತಿರ ಹತ್ತಿರ, ಒಂದೊಂದಕ್ಕೂ ಅದರದೇ ಕೆರೆ.

ಅರಸರು, ದಂಡನಾಯಕರು, ವ್ಯಾಪಾರಿಗಳು ಪುಣ್ಯಕ್ಕೆಂದು ಬಾವಿ-ಕೆರೆ ಕಟ್ಟಿಸಿದರು ಎಂದು ಶಾಸನಗಳು ಹೇಳುತ್ತವೆ. ಪುಣ್ಯ ಸರಿಯೇ. ಆದರೆ ಸವಳು ನೀರಿನ ನಾಡಿನಲ್ಲಿ ಸಿಹಿನೀರು ಕೊಟ್ಟವನ ಮಾತು ನಡೆಯುತ್ತದೆ ಎಂಬ ಲೋಕಜ್ಞಾನವೂ ಅವರಿಗಿತ್ತು.

ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರ ಇಷ್ಟು ಹತ್ತಿರ ಹತ್ತಿರ ಏಕೆ ಬೆಳೆದವು?

ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ ಇದು. ಎರಡು ಮಣ್ಣು ಕೂಡುವ ಅಂಚಿನಲ್ಲಿ ಸಿಹಿನೀರು ಸಿಕ್ಕ ಕಡೆ ಊರು ಬೆಳೆಯಿತು, ಬೆಳೆದದ್ದು ಉಳಿಯಿತು ಎಂಬುದು ನನ್ನ ಉತ್ತರ.

ಕಪ್ಪತಗುಡ್ಡದ ಉತ್ತರ ಮತ್ತು ಪಶ್ಚಿಮಕ್ಕೆ ಮಸಾರಿ ಕರಗಿ ಎರೆಯಾಗುತ್ತದೆ. ಆ ಪಟ್ಟಿಯಲ್ಲಿ ಇರುವ ರೈತನಿಗೆ ಮಸಾರಿಯಲ್ಲಿ ಮುಂಗಾರಿ ಬೆಳೆ, ಎರೆಯಲ್ಲಿ ಹಿಂಗಾರಿ ಬೆಳೆ. ಒಂದು ಹೋದರೆ ಇನ್ನೊಂದು ಕೈಹಿಡಿಯುತ್ತದೆ. ಗುಡ್ಡದಿಂದ ಹಳ್ಳಗಳು ಇಳಿಯುತ್ತವೆ, ಕೆರೆ ಕಟ್ಟಲು ಇಳಿಜಾರಿದೆ, ಮೇವು-ಕಟ್ಟಿಗೆ-ಔಷಧಿ ಗುಡ್ಡದಲ್ಲಿದೆ. ಡಂಬಳದ ದೊಡ್ಡ ಕೆರೆಯ ಏರಿಯ ಮೇಲೆ ನಿಂತು ಒಮ್ಮೆ ಗುಡ್ಡದ ಕಡೆ, ಒಮ್ಮೆ ಹೊಲದ ಕಡೆ ತಿರುಗಿದರೆ ಇಷ್ಟೂ ವಾದ ಕಣ್ಣಿಗೇ ಬೀಳುತ್ತದೆ.

ಇದೇ ನೆಲ ಬೆಳ್ವೊಲ-300, ಪುಲಿಗೆರೆ-300 ಎಂಬ ಆಡಳಿತ ವಿಭಾಗಗಳಾಗಿ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹೊಯ್ಸಳರು, ಸೇವುಣರು ಎಲ್ಲರೂ ಇದಕ್ಕಾಗಿ ಕಾದಾಡಿದವರೇ. ಹೊಯ್ಸಳ ಇಮ್ಮಡಿ ವೀರಬಲ್ಲಾಳ ಲಕ್ಕುಂಡಿಯಲ್ಲೇ ಬೀಡುಬಿಟ್ಟಿದ್ದ. ಕೊನೆಯ ಚಾಲುಕ್ಯ ಅರಸ ನಾಲ್ಕನೆಯ ಸೋಮೇಶ್ವರನಿಗೆ ಅಣ್ಣಿಗೇರಿ ನೆಲೆಯಾಯಿತು. 9ನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಂದು ಗುರುತಿಸುವ ನಾಡಿನ ನಾಲ್ಕು ಮೂಲೆಗಳಲ್ಲಿ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಒಂದು. ಉಳಿದವು ಕಿಸುವೊಳಲು (ಪಟ್ಟದಕಲ್ಲು), ಕೊಪಣ (ಕೊಪ್ಪಳ), ಒಕ್ಕುಂದ. ನಕ್ಷೆಯಲ್ಲಿ ಈ ನಾಲ್ಕನ್ನೂ ಗೆರೆಯಿಂದ ಸೇರಿಸಿದರೆ ಮಲಪ್ರಭೆಯ ಕಣಿವೆ ಮತ್ತು ಬೆಳ್ವೊಲದ ಎರೆ ಬಯಲು ಬಹುಪಾಲು ಒಳಗೆ ಬರುತ್ತವೆ. ಜೋಳದ ಕಣಜವೂ ಭಾಷೆಯ ತಿರುಳೂ ಒಂದೇ ಕಡೆ ಸಿಕ್ಕಿರುವುದು ಬರಿಯ ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಉಂಡು ಮಿಕ್ಕಿದ ನಾಡಿನಲ್ಲೇ ಬಸದಿ, ಅಗ್ರಹಾರ, ಮಠಗಳು ನಿಂತವು, ಓದು ಬರಹ ಬೆಳೆಯಿತು.

ಲಕ್ಕುಂಡಿಯಲ್ಲಿ ನಿಜಕ್ಕೂ 101 ಗುಡಿ, 101 ಬಾವಿ ಇದ್ದವೇ?

101 ಎಂಬುದು ಜನರ ಬಾಯಲ್ಲಿ ಬಂದ ಎಣಿಕೆ. ಎಣಿಸಿ ಜಗಳವಾಡುವುದಕ್ಕಿಂತ ಉಳಿದಿರುವ ಬಾವಿಗಳಿಗೆ ಇಳಿದು ನೋಡುವುದು ಲೇಸು. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ, ಕನ್ನೇರ ಬಾವಿ, ಛಬ್ಬೀರ ಬಾವಿ ಮೂರೂ ಮೆಟ್ಟಿಲುಬಾವಿಗಳು. ಮಳೆಗಾಲದಲ್ಲಿ ನೀರು ಮೇಲೇರಿದರೂ, ಬೇಸಗೆಯಲ್ಲಿ ಕೆಳಗಿಳಿದರೂ ಕೊಡ ಹೊತ್ತವರು ನೀರಿನ ಮಟ್ಟಕ್ಕೇ ಹೋಗಬಹುದು. ನೀರಿನ ಮಟ್ಟ ಇಷ್ಟು ಏರಿಳಿಯುವ ಸೀಮೆಗೆ ಇದಕ್ಕಿಂತ ಚೊಕ್ಕ ಪರಿಹಾರ ಇಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ನೋಡಿ ಹೊರಟುಬಿಡುವವರು ಬಾವಿಗಳನ್ನೂ ನೋಡಬೇಕೆಂದು ನನ್ನ ಹಟ.

ಈ ಭಾಗದ ಗುಡಿಗಳು ಬಾದಾಮಿ, ಪಟ್ಟದಕಲ್ಲಿನ ಗುಡಿಗಳಂತೆ ಏಕಿಲ್ಲ?

ಕಲ್ಲು ಬೇರೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನವರಿಗೆ ಮಲಪ್ರಭೆಯ ಕಣಿವೆಯ ಕೆಂಪು ಮರಳುಗಲ್ಲು ಮನೆಬಾಗಿಲಲ್ಲೇ ಸಿಗುತ್ತಿತ್ತು. ದೊಡ್ಡ ದೊಡ್ಡ ದಿಂಡುಗಳಾಗಿ ಬರುತ್ತದೆ, ಆದರೆ ಅತಿ ಸೂಕ್ಷ್ಮ ಕೆತ್ತನೆಗೆ ಒಗ್ಗದು. ಮುಂದೆ ಗದಗ, ಹಾವೇರಿ ಕಡೆಯ ಕಲ್ಯಾಣ ಚಾಲುಕ್ಯರ ಗುಡಿಗಳಲ್ಲಿ ಹಸಿರು ಛಾಯೆಯ ಬಳಪದ ಕಲ್ಲು ಬಂತು. ಅದು ಧಾರವಾಡ ಶಿಲೆಗಳ ಕೊಡುಗೆ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಗಟ್ಟಿಯಾಗುತ್ತದೆ. ತಿರುಗಣಿಗೆ ಹಾಕಿ ಕಡೆದ, ಮುಖ ಕಾಣುವಷ್ಟು ಹೊಳಪಿನ ಕಂಬಗಳು, ಬಳೆಯಷ್ಟು ಸಣ್ಣ ಸುರುಳಿಯ ಬಾಗಿಲವಾಡಗಳು ಈ ಕಲ್ಲಿನಲ್ಲಿ ಸಾಧ್ಯವಾದವು. ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ಗೋಡೆಯ ಮಡಿಕೆಗಳನ್ನು ಮರಳುಗಲ್ಲಿನಲ್ಲಿ ಊಹಿಸಿಕೊಳ್ಳುವುದು ಕಷ್ಟ.

ಕಪ್ಪತಗುಡ್ಡದ ಚಿನ್ನದಿಂದಲೇ ಈ ಊರುಗಳು ಶ್ರೀಮಂತವಾದವೇ?

ಗುಡ್ಡದಲ್ಲಿ ಹಳೆಯ ಗಣಿಗಳ ಗುರುತುಗಳಿವೆ. ಮಳೆ ನಿಂತ ಮೇಲೆ ಸೊರಟೂರು, ದೋಣಿಯ ಕಡೆ ಹಳ್ಳದ ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದ ಜಾಲಗಾರರನ್ನು 19ನೆಯ ಶತಮಾನದ ಬರಹಗಳು ದಾಖಲಿಸಿವೆ. ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು, ಲೊಕ್ಕಿ ಗದ್ಯಾಣ ಎಂಬ ಅಲ್ಲಿನ ಚಿನ್ನದ ನಾಣ್ಯ ಹೆಸರುವಾಸಿ. ಆದರೂ ಊರನ್ನು ಸಾಕಿದ್ದು ಚಿನ್ನ ಎನ್ನಲು ಮನಸ್ಸು ಒಪ್ಪುವುದಿಲ್ಲ. ಜೋಳ, ಹತ್ತಿ, ಎಣ್ಣೆಕಾಳು, ಅವುಗಳನ್ನು ಸಾಗಿಸಿದ ವ್ಯಾಪಾರಿ ಸಂಘಗಳು ತಂದ ಹಣವೇ ನಾಣ್ಯವಾಯಿತು.

ಹಾವೇರಿ ಭಾಗಕ್ಕೆ ಬೇರೆಯೇ ಗುಣವಿದೆಯಲ್ಲ?

ಇದೆ. ಅಲ್ಲಿ ನದಿಗಳೇ ಯಜಮಾನರು. ಬನವಾಸಿಯನ್ನು ಬಳಸಿಕೊಂಡು ಬರುವ ವರದೆ, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ಆ ಸಂಗಮದಲ್ಲಿ ಗಳಗೇಶ್ವರ ಗುಡಿ. ಅದೇ ತುಂಗಭದ್ರೆಯ ದಂಡೆಯಲ್ಲಿ ಚೌಡದಾನಪುರದ ಮುಕ್ತೇಶ್ವರ, ಹರಳಹಳ್ಳಿಯ ಸೋಮೇಶ್ವರ. ಪಶ್ಚಿಮಕ್ಕೆ ಕದಂಬರ ಒಂದು ಶಾಖೆಯ ರಾಜಧಾನಿ ಹಾನಗಲ್ಲು. ಅದರ ಸುತ್ತ ಭತ್ತದ ಗದ್ದೆ, ಕೆರೆಗಳ ಸಾಲು. ದಕ್ಷಿಣದಲ್ಲಿ ಕುಮುದ್ವತಿ ಎರಡು ಗುಡ್ಡಗಳ ನಡುವೆ ನುಸುಳುವ ಜಾಗ ನೋಡಿ ಅಡ್ಡ ಕಟ್ಟಿದ ಮದಗ-ಮಾಸೂರು ಕೆರೆ, ವಿಜಯನಗರ ಕಾಲದ್ದೆಂದು ಪ್ರಸಿದ್ಧ. ಆ ಜಾಗವನ್ನು ಆರಿಸಿದವರ ಕಣ್ಣು ಮೆಚ್ಚಬೇಕು.

ಕಾಡಂಚಿನ ಈ ಸೀಮೆಯಲ್ಲಿ ತುರುಗಾಳಗದ ವೀರಗಲ್ಲುಗಳು ಹೇರಳ. ಹುಲ್ಲು ಹೆಚ್ಚಿರುವ ಕಡೆ ದನ ಹೆಚ್ಚು. ದನ ಹೆಚ್ಚಿರುವ ಕಡೆ ಹಿಡಿದೊಯ್ಯುವವರೂ, ತಡೆದು ಸತ್ತವರೂ ಹೆಚ್ಚು.

ಸಾಂಸ್ಕೃತಿಕ ನಿರಂತರತೆ ಎಂದರೆ ಅದೇ ಜನ, ಅದೇ ಧರ್ಮ ಉಳಿದುಬಂದಿದೆ ಎಂದೇ?

ಹಾಗೆ ಹೇಳಿದರೆ ಇತಿಹಾಸಕ್ಕೆ ಅನ್ಯಾಯ. ಡಂಬಳದ 1095ರ ಶಾಸನ ಬೌದ್ಧ ವಿಹಾರ ಮತ್ತು ಬೌದ್ಧರ ದೇವತೆ ತಾರಾದೇವಿಯ ಮಾತು ಹೇಳುತ್ತದೆ. ಇಂದು ಡಂಬಳದಲ್ಲಿ ಬೌದ್ಧರಿಲ್ಲ. ಲಕ್ಷ್ಮೇಶ್ವರದಲ್ಲಿ ಶಂಖ ಬಸದಿ, ಸೋಮೇಶ್ವರ ಗುಡಿ, ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ ಎಲ್ಲವೂ ಒಂದೇ ಊರಿನಲ್ಲಿವೆ. ಅರಸರು ಹೋದರು, ಪಂಥಗಳು ಬಂದವು, ಕುಲಗಳು ವಲಸೆ ಹೋದವು. ಉಳಿದದ್ದು ಜಾಗ, ಆ ಜಾಗದ ನೀರು, ಆ ಮಣ್ಣಿಗೆ ಒಗ್ಗಿದ ದುಡಿಮೆಯ ಕ್ರಮ. ಹೊಸಬರು ಬಂದಾಗಲೂ ಹಳೆಯ ಬಾವಿಯನ್ನೇ ಹೂಳೆತ್ತಿಸಿ ಕುಡಿದರು.

ಅಂಥ ದುಡಿಮೆಯ ಕ್ರಮಕ್ಕೆ ಉದಾಹರಣೆ ಇದೆಯೇ?

ಹಗೇವನ್ನೇ ತೆಗೆದುಕೊಳ್ಳಿ. ಒಣ ಸೀಮೆಯ ಊರುಗಳಲ್ಲಿ ಜೋಳವನ್ನು ನೆಲದಡಿಯ ಗುಂಡಿಯಲ್ಲಿ ತುಂಬಿಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಡಲು ಅಗಲ. ಸುತ್ತ ಹುಲ್ಲು-ಹೊಟ್ಟು ಒತ್ತಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡದು. ತೆರೆದ ಕೂಡಲೇ ಇಳಿಯಬಾರದು; ಒಳಗಿನ ಕೆಟ್ಟ ಗಾಳಿಗೆ ಪ್ರಾಣ ಹೋದ ಸುದ್ದಿಗಳು ಪ್ರತಿ ಹಳ್ಳಿಯಲ್ಲೂ ಇವೆ. ಇದಕ್ಕೆ ಒಣಗಿದ, ಗಟ್ಟಿ ಗೊರಚಿನ ನೆಲ ಬೇಕು. ಹಾನಗಲ್ಲಿನಂಥ ತೇವದ ಕಡೆ ಇದು ನಡೆಯದು. ಬರ ಬಂದಾಗ ಯಾರು ಊರು ಬಿಟ್ಟರು, ಯಾರು ಉಳಿದರು ಎಂಬುದನ್ನು ಎಷ್ಟೋ ಸಲ ಹಗೇವೇ ತೀರ್ಮಾನಿಸಿತು.

ಎಳ್ಳಮಾವಾಸ್ಯೆಯ ಚರಗವೂ ಹಾಗೆಯೇ. ಹಿಂಗಾರಿ ಜೋಳ ಎದೆಯೆತ್ತರ ನಿಂತಾಗ, ಕಡಲೆ ಹೂಬಿಟ್ಟಾಗ ಎರೆ ಹೊಲಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗಿ, ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಪೂಜಿಸಿ, ಹೊಲದ ತುಂಬ ಎಡೆ ಚೆಲ್ಲುತ್ತಾರೆ. ಇದಕ್ಕೆ ನವಶಿಲಾಯುಗದ ಮುದ್ರೆ ಒತ್ತುವುದು ಆತುರ. ಆದರೆ ಎರೆ ಮತ್ತು ಹಿಂಗಾರಿ ಇಲ್ಲದೆ ಈ ಹಬ್ಬದ ಹೊತ್ತು ಗೊತ್ತಾಗುತ್ತಲೇ ಇರಲಿಲ್ಲ.

ಹಾಳಾದ ಊರುಗಳೂ ಇವೆಯಲ್ಲ?

ಬೇಕಾದಷ್ಟು. ಕಂದಾಯ ದಾಖಲೆಗಳಲ್ಲಿ ಬೇಚರಾಕ್ ಗ್ರಾಮ ಎಂದು ಬರುವವು ಅವೇ: ಹೆಸರಿದೆ, ಗಡಿಯಿದೆ, ಜನರಿಲ್ಲ. ಬರ, ರೋಗ, ದಂಡಿನ ದಾಳಿ, ಕೆರೆ ಒಡೆದದ್ದು ಕಾರಣಗಳು. 1876–78ರ ಬರ ಈ ಸೀಮೆಯನ್ನು ಬಡಿದು ಹಾಕಿತು.

ನೆರೆ ಇನ್ನೊಂದು ಕಥೆ. ಬೆಣ್ಣೆಹಳ್ಳ ಬೇಸಗೆಯಲ್ಲಿ ಹಳ್ಳವೆಂದು ನಂಬಲಾಗದಷ್ಟು ಬಡಕಲು, ಮಳೆಯಾದರೆ ಊರನ್ನೇ ಸುತ್ತುತ್ತದೆ. ಎರೆ ಬಯಲಿಗೆ ಇಳಿಜಾರು ಕಡಿಮೆ, ನೀರು ಬೇಗ ಹರಿದುಹೋಗುವುದಿಲ್ಲ. 2009 ಮತ್ತು 2019ರ ನೆರೆಯಲ್ಲಿ ಮಲಪ್ರಭೆ, ಬೆಣ್ಣೆಹಳ್ಳದ ದಂಡೆಯ ಊರುಗಳು ಮುಳುಗಿದವು. ಎತ್ತರದಲ್ಲಿ ಸರ್ಕಾರ ಮನೆ ಕಟ್ಟಿಕೊಟ್ಟರೂ ಹಲವರು ಹಳೆಯ ಊರಿಗೇ ಮರಳಿದರು. ಅದನ್ನು ಮೊಂಡುತನ ಎಂದು ಕಚೇರಿಯಲ್ಲಿ ಕುಳಿತು ಬರೆಯುವುದು ಸುಲಭ. ಹೊಲ, ಕಣ, ಹೊಳೆ, ಗುಡಿ ಎಲ್ಲವೂ ಹಳೆಯ ಊರಿನ ಮಗ್ಗುಲಲ್ಲೇ ಇರುವಾಗ ಜನ ಬೇರೇನು ಮಾಡಬೇಕು?

ಎಲ್ಲವನ್ನೂ ನೆಲವೇ ನಿರ್ಧರಿಸಿತು ಎನ್ನಬಹುದೇ?

ಹುಬ್ಬಳ್ಳಿಯನ್ನು ನೋಡಿದರೆ ಹಾಗೆನ್ನಲಾಗದು. ಇಲ್ಲಿ ದೊಡ್ಡ ನದಿಯಿಲ್ಲ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಹಳೆಯ ನೆಲೆಯನ್ನು ಸಾರುತ್ತದೆ, ನಿಜ. ಆದರೆ ಇಂದಿನ ಹುಬ್ಬಳ್ಳಿಯನ್ನು ಕಟ್ಟಿದ್ದು ಹತ್ತಿ ಪೇಟೆ, ಘಟ್ಟ ಇಳಿದು ಕಾರವಾರಕ್ಕೆ ಹೋಗುವ ದಾರಿ, 1880ರ ದಶಕದಲ್ಲಿ ಬಂದ ರೈಲು. ಮಲೆನಾಡಿನ ಸರಕೂ ಬಯಲಿನ ಸರಕೂ ಕೈಬದಲಾಗುವ ಜಾಗ ಎಂಬಷ್ಟರ ಮಟ್ಟಿಗೆ ನೆಲದ ಪಾಲಿದೆ. ಉಳಿದದ್ದು ಮನುಷ್ಯರ ಲೆಕ್ಕಾಚಾರ.

ಒಂದೇ ದಿನವಿದ್ದರೆ ಎಲ್ಲಿಗೆ ಹೋಗಲಿ?

ಗದಗದಿಂದ ಲಕ್ಕುಂಡಿ, ಅಲ್ಲಿಂದ ಡಂಬಳ, ಸಂಜೆಗೆ ಕಪ್ಪತಗುಡ್ಡದ ತಪ್ಪಲು. ಗುಡ್ಡ 2019ರಿಂದ ವನ್ಯಜೀವಿಧಾಮ. ಒಳಗೆ ಹೋಗುವ ಮುನ್ನ ಅರಣ್ಯ ಇಲಾಖೆಯನ್ನು ವಿಚಾರಿಸಿ. ಚಳಿಗಾಲದಲ್ಲಿ ಬಂದರೆ ಎರೆಯ ಬೆಳೆ ಹೊಲದಲ್ಲಿರುತ್ತದೆ, ಶಿರಹಟ್ಟಿ ಕಡೆಯ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳೂ ಇರುತ್ತವೆ. ಧಾರವಾಡದಲ್ಲಿ ಸಮಯ ಸಿಕ್ಕರೆ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯ ನೋಡಿ.

ನಮ್ಮ ಹೊಲದಲ್ಲಿ ಹಳೆಯ ಮಡಕೆ ಚೂರು, ಕಲ್ಲಿನ ಕೊಡಲಿ, ನಾಣ್ಯ ಸಿಕ್ಕರೆ?

ಅಗೆಯುವುದನ್ನು ನಿಲ್ಲಿಸಿ. ಯಾವ ಆಳದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬುದು ವಸ್ತುವಿನಷ್ಟೇ ಬೆಲೆಬಾಳುವ ಮಾಹಿತಿ. ಎತ್ತುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ನಾಣ್ಯ, ಆಭರಣ ಸಿಕ್ಕರೆ ನಿಧಿಗೆ ಸಂಬಂಧಿಸಿದ ಕಾನೂನಿನಂತೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಮಡಕೆ ಚೂರಿಗೆ ಯಾರೂ ಬೆಲೆ ಕೊಡುವುದಿಲ್ಲ, ಆದರೆ ಪುರಾತತ್ವದವರು ಕಾಲ ಹೇಳುವುದು ಬಹುಪಾಲು ಅದರಿಂದಲೇ. ಹಾಳೂರಿನ ಬೂದಿಬಣ್ಣದ ಮಣ್ಣನ್ನು ಗೊಬ್ಬರಕ್ಕೆಂದು ಟ್ರ್ಯಾಕ್ಟರಿನಲ್ಲಿ ಹೇರುವ ರೂಢಿ ಈ ಕಡೆ ಇದೆ. ಹೇರುವ ಮುಂಚೆ ಒಮ್ಮೆ ಪುರಾತತ್ವ ಇಲಾಖೆಗೋ, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ತೋರಿಸಿ.